ಕಾರ್ಖಾನೆ ಬಾಗಿಲು ಹಾಕಿದ ಊರಲ್ಲಿ ಹೊಸ ಕಸುಬು ಹೂಡುವುದು ಹೇಗೆ?

ಕಾರ್ಖಾನೆ ಮುಚ್ಚಿದ ಊರಿನಲ್ಲಿ ಮೊದಲು ತೆರೆಯುವುದು ಏನು ಹೇಳಿ? ಇನ್ನೊಂದು ದಿನಸಿ ಅಂಗಡಿ. ಸೆಟಲ್‌ಮೆಂಟ್ ಹಣ ಕೈಗೆ ಬಂದ ಕೂಡಲೇ ಮನೆಯ ಮುಂದಿನ ಕೋಣೆಗೆ ಶಟರ್ ಹಾಕಿಸುತ್ತಾರೆ. ಆರು ತಿಂಗಳಲ್ಲಿ ಉದ್ರಿ ಪುಸ್ತಕ ತುಂಬುತ್ತದೆ, ಅಂಗಡಿ ಖಾಲಿಯಾಗುತ್ತದೆ. ಸಂಬಳ ನಿಂತದ್ದು ಅವರೊಬ್ಬರದ್ದಲ್ಲ, ಸಾಮಾನು ಕೊಳ್ಳುವ ನೆರೆಮನೆಯವರದ್ದೂ ನಿಂತಿದೆ, ಅಲ್ವಾ?

ಭದ್ರಾವತಿಯನ್ನೇ ನೋಡಿ. ಇಲ್ಲಿನ ಕಬ್ಬಿಣದ ಕಾರ್ಖಾನೆಯ (ಈಗಿನ ವಿಐಎಸ್‌ಎಲ್) ಕುಲುಮೆ ಹೊತ್ತಿದ್ದು 1923ರಲ್ಲಿ. ಕಾಗದ ಕಾರ್ಖಾನೆ ಎಂಪಿಎಂ ಸ್ಥಾಪನೆಯಾದದ್ದು 1936ರಲ್ಲಿ. ಎಂಪಿಎಂನಲ್ಲಿ ಕಾಗದ ತಯಾರಿಕೆ ನಿಂತು ಸುಮಾರು ಹತ್ತು ವರ್ಷವಾಯಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂತು, ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು, ಆದರೆ ಹಳೆಯ ಭರವಸೆ ಮರಳಿಲ್ಲ. ಇಂಥ ಊರಿನ ಯುವಕ ಸಂಘವೋ ಮಹಿಳಾ ಸಂಘವೋ ಹತ್ತು ಜನರನ್ನು ಸ್ವಂತ ಕಸುಬಿಗೆ ಇಳಿಸಬೇಕು ಅಂದರೆ ಒಂದು ಲೆಕ್ಕ ಮರೆಯಬಾರದು: ಹೊರಗಿನ ದುಡ್ಡನ್ನು ಊರೊಳಗೆ ತರುವ ಕೆಲಸ ಮೊದಲು. ಊರೊಳಗಿನ ದುಡ್ಡನ್ನೇ ತಿರುಗಿಸುವ ಅಂಗಡಿ ಆಮೇಲೆ.

ಮೊದಲ ಹೆಜ್ಜೆ: ಯಾರಿಗೆ ಏನು ಬರುತ್ತದೆ, ಬರೆಯಿರಿ

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. "ಏನು ಮಾಡಬೇಕು ಅಂತಿದ್ದೀರಿ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹತ್ತರಲ್ಲಿ ಎಂಟು ಜನ ಅಂಗಡಿ ಅಂತಲೇ ಹೇಳುತ್ತಾರೆ. "ಕಾರ್ಖಾನೆಯಲ್ಲಿ ಯಾವ ಕೆಲಸ ಮಾಡ್ತಿದ್ರಿ?" ಎಂದು ಕೇಳಿ. ಟರ್ನರ್, ಫಿಟ್ಟರ್, ಮೋಲ್ಡರ್, ವೆಲ್ಡರ್, ಮೋಟಾರ್ ವೈಂಡಿಂಗ್ ಮಾಡುವವರು, ಕ್ಯಾಂಟೀನಿನಲ್ಲಿ ಒಂದೇ ಹೊತ್ತಿಗೆ ನೂರಾರು ಜನಕ್ಕೆ ಅಡುಗೆ ಮಾಡಿದವರು, ಎಲ್ಲರ ಹೆಸರೂ ಬರಲಿ. ಹೆಂಗಸರ ಕೆಲಸವನ್ನು "ಮನೇಲಿರ್ತಾರೆ" ಎಂದು ಒಂದೇ ಸಾಲಲ್ಲಿ ಮುಗಿಸಬೇಡಿ.

ಎರಡನೆಯದು: ಗಿರಾಕಿಯನ್ನು ಹೊರಗೆ ಹುಡುಕಿ

ಇದಕ್ಕೇ ಜಾಸ್ತಿ ಸಮಯ ಕೊಡಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಶಿವಮೊಗ್ಗದ ಸುತ್ತ ಎರಕದ ಕಾರ್ಖಾನೆಗಳಿವೆ. ಅಂಥ ಕಡೆ ಎರಕದ ಅಂಚು ಉಜ್ಜುವುದು, ಲೇತ್ (ಲೋಹ ಕಡೆಯುವ ಯಂತ್ರ) ಕೆಲಸ, ತೂತು ಕೊರೆಯುವುದು ಮುಂತಾದ ಜಾಬ್ ವರ್ಕ್ ಹೊರಗೆ ಕೊಡುವುದುಂಟು. ಇಬ್ಬರು ಅನುಭವಿ ಟರ್ನರ್‌ಗಳನ್ನು ಕರೆದುಕೊಂಡು ಖರೀದಿ ವಿಭಾಗಕ್ಕೆ ಹೋಗಿ. ಒಂದು ಸಲಕ್ಕೆ ಆಗದಿದ್ದರೆ ಮೂರು ಸಲ ಹೋಗಿ.

ಇನ್ನೊಂದು ಕಡೆ ಅಡಿಕೆ ಸೀಮೆ. ಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯುವ ಯಂತ್ರ ಕೆಟ್ಟರೆ ಬೆಳೆಗಾರರ ಪಾಡು ಕೇಳಬೇಡಿ. ಬೈಕಿನ ಹಿಂದೆ ಟೂಲ್ ಬಾಕ್ಸ್ ಕಟ್ಟಿಕೊಂಡು ತೋಟಕ್ಕೇ ಬರುವ ಫಿಟ್ಟರ್‌ಗೆ ಯಾರೂ ಉದ್ರಿ ಹೇಳುವುದಿಲ್ಲ.

ಹಾಳೆ ತಟ್ಟೆಯ ಬಗ್ಗೆ ಒಂದು ಮಾತು. ಎಲ್ಲ ತರಬೇತಿಯಲ್ಲೂ ಅದನ್ನೇ ಹೇಳುತ್ತಾರೆ. ಮಾಡಬಾರದೆಂದಲ್ಲ. ಆದರೆ 2025ರಲ್ಲಿ ಅಮೆರಿಕ ಅಡಿಕೆ ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿತು. ರಫ್ತನ್ನೇ ನಂಬಿ ಯಂತ್ರ ಕೊಳ್ಳುವ ಮುಂಚೆ ಹತ್ತಿರದ ಕಲ್ಯಾಣ ಮಂಟಪ, ಅಡುಗೆ ಕಂಟ್ರಾಕ್ಟರ್‌ಗಳ ಬಳಿ ಆರ್ಡರ್ ಕೇಳಿ ನೋಡಿ.

ಮೂರು: ಬಾಡಿಗೆ ಯಂತ್ರದಲ್ಲಿ ಮೂರು ತಿಂಗಳು

ಸೆಟಲ್‌ಮೆಂಟ್ ಹಣ ಮುಟ್ಟಬೇಡಿ. ಪರಿಚಯದವರ ವರ್ಕ್‌ಶಾಪಿನಲ್ಲಿ ಗಂಟೆ ಲೆಕ್ಕದಲ್ಲಿ ಲೇತ್ ಬಾಡಿಗೆಗೆ ಹಿಡಿಯಿರಿ. ಕೆಲಸ ಗೊತ್ತಿದ್ದವರಿಗೂ ಬೆಲೆ ಕಟ್ಟುವುದು, ಲೆಕ್ಕ ಇಡುವುದು ಗೊತ್ತಿರುವುದಿಲ್ಲ. ಅದಕ್ಕೆ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಮಾದರಿ ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ.

ನಾಲ್ಕು: ಸಾಲ ಮತ್ತು ಸಬ್ಸಿಡಿ

ಹೊಸ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ 2022ರ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ನೆರವಿದೆ. ಹಳ್ಳಿಯಲ್ಲಿ ಮಹಿಳೆಯೊಬ್ಬರು 10 ಲಕ್ಷದ ಘಟಕ ಹಾಕಿದರೆ ಕೈಯಿಂದ 50 ಸಾವಿರ ಹಾಕಬೇಕು, ಸಬ್ಸಿಡಿ 3.5 ಲಕ್ಷ. ಪೇಟೆಯಲ್ಲಾದರೆ 2.5 ಲಕ್ಷ. ಆದರೆ ಸಬ್ಸಿಡಿ ಕೈಗೆ ಬರುವುದಿಲ್ಲ! ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆ. ಇದು ಗೊತ್ತಿಲ್ಲದೆ ಸಬ್ಸಿಡಿ ನಂಬಿ ಮದುವೆ ಗೊತ್ತುಮಾಡಿದವರೂ ಇದ್ದಾರೆ. ಯೋಜನೆ ಹೊಸ ಘಟಕಕ್ಕೆ ಮಾತ್ರ, ಹಾಗಾಗಿ ಅರ್ಜಿಗೆ ಮುಂಚೆ ಸ್ವಂತ ಘಟಕ ಹೂಡಬೇಡಿ. ಯೋಜನೆ ಮುಂದುವರಿದಿದೆಯೇ, ನಿಯಮ ಬದಲಾಗಿದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ. ದಲ್ಲಾಳಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಐದು: ಬಿಲ್ಲು

ಘಟಕ ಶುರುವಾದ ಮೇಲೆ ಆಧಾರ್, ಪ್ಯಾನ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ನೋಂದಣಿ ಮಾಡಿಸಿ. ಅದಕ್ಕೆ ಸರ್ಕಾರದ ಶುಲ್ಕ ಇಲ್ಲ. ಇದು ಬರೀ ಸರ್ಟಿಫಿಕೇಟ್ ಅಲ್ಲ. ನೋಂದಾಯಿತ ಸಣ್ಣ ಘಟಕದಿಂದ ಮಾಲು ಅಥವಾ ಕೆಲಸ ಪಡೆದ ಕಂಪನಿ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಹೊಸಬರು ಮುಳುಗುವುದು ಕೆಲಸ ಸಿಗದೆ ಮಾತ್ರವಲ್ಲ, ಮಾಡಿದ ಕೆಲಸದ ಹಣ ಬಾರದೆ ಕೂಡ. ಮೊದಲ ಬಿಲ್ಲಿನಲ್ಲೇ ಉದ್ಯಮ್ ನಂಬರ್ ಅಚ್ಚಾಗಿರಲಿ. ಮಾಲು ಒಪ್ಪಿಸಿದ ದಿನವೇ ಮಾಲಿನ ಜೊತೆ ಕೊಡುವ ಚಲನ್ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬನ್ನಿ.