ಎದ್ದದ್ದು ಯಾರ ವೈರಸ್ಸು?

ಸೈನೆಕೊಕಾಕಸ್ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ ಜೀವಿ) ಚೆನ್ನಾಗಿ ಬಂದರೆ ಫ್ಲಾಸ್ಕ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸುಮಾರು ಒಂದು ಮೈಕ್ರಾನ್ ಗಾತ್ರದ ಈ ಸಮುದ್ರದ ಸಯನೋಬ್ಯಾಕ್ಟೀರಿಯಾದೊಳಗೆ, ಅಂದರೆ ಬೆಳಕಿನಿಂದ ಊಟ ಮಾಡಿಕೊಳ್ಳುವ ಬ್ಯಾಕ್ಟೀರಿಯಾದೊಳಗೆ, ವೈರಸ್ ಬೂದಿ ಮುಚ್ಚಿದ ಕೆಂಡದ ಹಾಗೆ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಹಾಗೆ ಕೂತದ್ದಕ್ಕೆ ಪ್ರೊಫೇಜ್ ಅನ್ನುತ್ತೇವೆ. ಅದರ ಡಿಎನ್‌ಎ ಕೋಶದ ಡಿಎನ್‌ಎಯಲ್ಲೇ ಸೇರಿಕೊಂಡಿರುತ್ತದೆ, ಕೋಶ ಎರಡಾದಾಗಲೆಲ್ಲ ತಾನೂ ನಕಲಾಗುತ್ತದೆ. ಮೈಕ್ರೋಸ್ಕೋಪಿಗೆ ಕಾಣುವಂಥದ್ದಲ್ಲ, ಎಬ್ಬಿಸಿಯೇ ನೋಡಬೇಕು.

ಎಬ್ಬಿಸುವ ಹಳೆಯ ದಾರಿ ಮೈಟೊಮೈಸಿನ್-ಸಿ ಎಂಬ ಔಷಧಿ. ಅದು ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಕೋಶ ರಿಪೇರಿಗೆ ಇಳಿಯುತ್ತದೆ, ಆ ಗಡಿಬಿಡಿಯಲ್ಲಿ ಪ್ರೊಫೇಜನ್ನು ಅದುಮಿಟ್ಟಿದ್ದ ಪ್ರೋಟೀನ್ ತುಂಡಾಗಿ ವೈರಸ್ ಏಳುತ್ತದೆ. ತೊಂದರೆಯೆಂದರೆ ಈ ಔಷಧಿ ಬೆಳಕಿಗೆ ಕೆಡುತ್ತದೆ, ನನ್ನ ಜೀವಿಗೋ ಬೆಳಕಿಲ್ಲದೆ ನಡೆಯದು. ಫ್ಲಾಸ್ಕಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಒಂದು ಗಂಟೆ ಕತ್ತಲಲ್ಲಿಟ್ಟೆ. ಆಮೇಲೆ ಸೆಂಟ್ರಿಫ್ಯೂಜ್‌ಗೆ ಹಾಕಿ, ಔಷಧಿ ತೊಳೆದು, ಹೊಸ ಪೋಷಕ ದ್ರವದಲ್ಲಿ ದೀಪದಡಿಗೆ. ಪಕ್ಕದಲ್ಲೇ ಔಷಧಿ ಬಿಟ್ಟು ಉಳಿದೆಲ್ಲ ಶಿಕ್ಷೆಯನ್ನೂ ಅನುಭವಿಸಿದ ಕಂಟ್ರೋಲ್, ಹೋಲಿಕೆಗಿಟ್ಟ ಫ್ಲಾಸ್ಕ್.

ಮರುದಿನ 0.02 ಮೈಕ್ರಾನ್ ರಂಧ್ರದ ಫಿಲ್ಟರ್ ಮೇಲೆ ಸೋಸಿ, ಡಿಎನ್‌ಎಗೆ ಅಂಟಿ ಹೊಳೆಯುವ ಸೈಬರ್ ಗೋಲ್ಡ್ ಬಣ್ಣ ಹಾಕಿ, ನೀಲಿ ಬೆಳಕಲ್ಲಿ ಎಣಿಸಿದೆ. ಔಷಧಿ ಕಂಡ ಫ್ಲಾಸ್ಕಿನಲ್ಲಿ ವೈರಸ್ಸಿನ ಹಸಿರು ಚುಕ್ಕೆಗಳು ಕಂಟ್ರೋಲ್‌ನ ಎರಡರಷ್ಟು. ಅವತ್ತು ಸಂಜೆ ನಾನು ನೆಲದ ಮೇಲೆ ಇರಲಿಲ್ಲ.

ಮತ್ತೊಮ್ಮೆ ಎಣಿಸಿದಾಗ ಒಂದು ಸಂಗತಿ ಚುಚ್ಚಿತು. ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಸೈನೆಕೊಕಾಕಸ್ ಕೋಶಗಳು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟಷ್ಟೇ ಇದ್ದವು. ಕಡಿಮೆಯಾಗಿದ್ದದ್ದು ದೊಡ್ಡ ಹಸಿರು ಚುಕ್ಕೆಗಳು, ಅಂದರೆ ಕಲ್ಚರಿನಲ್ಲಿ ಬಿಟ್ಟಿ ಊಟಕ್ಕೆ ಸೇರಿಕೊಂಡಿದ್ದ ಬೇರೆ ಬ್ಯಾಕ್ಟೀರಿಯಾ. ಎದ್ದದ್ದು ಅವುಗಳ ಪ್ರೊಫೇಜ್! ಸಮುದ್ರದಿಂದ ತಂದ ಸಯನೋಬ್ಯಾಕ್ಟೀರಿಯಾ ಒಂಟಿಯಾಗಿ ಬರುವುದು ಅಪರೂಪ ಎಂಬುದು ನನಗೆ ಗೊತ್ತಿತ್ತು. ಎಣಿಸುವಾಗ ನೆನಪಾಗಲಿಲ್ಲ, ಅಷ್ಟೇ.

ಎದ್ದ ವೈರಸ್ಸನ್ನು ಅದೇ ತಳಿಯ ಮೇಲೆ ಹರಡಿ ಪ್ಲಾಕ್, ಅಂದರೆ ವೈರಸ್ ಕೋಶಗಳನ್ನು ಕೊಂದಲ್ಲಿ ಉಳಿಯುವ ಖಾಲಿ ಮಚ್ಚೆ, ಹುಡುಕಿದ್ದಂತೂ ಶುದ್ಧ ದಡ್ಡತನ. ಒಳಗೆ ಪ್ರೊಫೇಜ್ ಇಟ್ಟುಕೊಂಡ ಕೋಶ ಸಾಮಾನ್ಯವಾಗಿ ಅದೇ ಬಗೆಯ ವೈರಸ್ಸಿಗೆ ಬಾಗಿಲು ತೆರೆಯುವುದಿಲ್ಲ. ಪ್ಲಾಕ್ ಬಾರದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಪ್ರೊಫೇಜ್ ಇಲ್ಲದ ಹತ್ತಿರದ ತಳಿ ಬೇಕು.

ಮತ್ತೆ ಮೊದಲಿಂದ. ತಟ್ಟೆಯ ಒಂದು ಬಾವಿಗೆ (ಪುಟ್ಟ ಗುಳಿಗೆ) ಒಂದೇ ಕೋಶ ಬೀಳುವಷ್ಟು ತೆಳುಗೊಳಿಸಿ, ಬೆಳೆದದ್ದರಲ್ಲಿ ಒಂದು ಹನಿಯನ್ನು ಪೌಷ್ಟಿಕ ಸಾರಿಗೆ ಹಾಕಿ ಕತ್ತಲಲ್ಲಿಡುವುದು. ಸಾರು ಕದಡಿದರೆ ಬಿಟ್ಟಿ ಬ್ಯಾಕ್ಟೀರಿಯಾ ಇನ್ನೂ ಇದೆ ಎಂದರ್ಥ, ಆ ಬಾವಿ ಕಸಕ್ಕೆ. ತಿಂಗಳುಗಳು ಹಿಡಿದವು. ಕೊನೆಗೂ ಸಾರು ತಿಳಿಯಾಗಿಯೇ ಉಳಿದ ಒಂದು ಕಲ್ಚರ್ ಸಿಕ್ಕಿತು. ಅದಕ್ಕೆ ಮೈಟೊಮೈಸಿನ್ ಕೊಟ್ಟಾಗ ವೈರಸ್ ಏರಲೇ ಇಲ್ಲ.

ಒಳಗೆ ಪ್ರೊಫೇಜ್ ಇಲ್ಲವೆಂದೇ ಇರಬಹುದು, ಔಷಧಿಗೆ ಏಳದ ಜಾತಿಯೂ ಇರಬಹುದು. 2002ರಲ್ಲಿ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯ ನೀರಿನಲ್ಲಿದ್ದ ಸೈನೆಕೊಕಾಕಸ್‌ನಿಂದ ಇದೇ ಔಷಧಿ ವೈರಸ್ ಎಬ್ಬಿಸಿದ ವರದಿಯಿದೆ, ಆದ್ದರಿಂದ ಔಷಧಿಯನ್ನು ಪೂರ್ತಿ ದೂರುವಂತಿಲ್ಲ. ಈಗ ಇನ್ನೊಂದು ತಳಿ ಬಾವಿಗಳಲ್ಲಿದೆ, ಹನ್ನೊಂದರಲ್ಲಿ ಒಂಬತ್ತು ಸಾರು ಈಗಾಗಲೇ ಕದಡಿವೆ.