ಫೋನಿಗಿಂತ ಮೊದಲು ಸಿಮ್ಮಿಗೆ ಬೀಗ: ನನ್ನ ಅನುಭವ

ಕಾಸರಗೋಡಿನಿಂದ ಯಾತ್ರೆಯೋ ಪ್ರವಾಸವೋ ಹೊರಟರೆ ಹೆಚ್ಚಾಗಿ ರೈಲು, ಅದೂ ಮಲಬಾರ್ ಅಥವಾ ಮಾವೇಲಿಯಲ್ಲಿ ರಾತ್ರಿ ಪ್ರಯಾಣ. ಹೊರಡುವ ಮುನ್ನಾದಿನ ಸಂಜೆ ಬಟ್ಟೆ ತುಂಬುವ ಮೊದಲು ಫೋನಿಗೆ ಅರ್ಧ ಗಂಟೆ ಕೊಡುತ್ತೇನೆ.

ಮೊದಲ ಕೆಲಸ ಸಿಮ್ ಪಿನ್, ಅಂದರೆ ಸಿಮ್ಮಿಗೇ ಹಾಕುವ ಬೀಗ. ಫೋನು ಆನ್ ಮಾಡಿದಾಗ ಅಥವಾ ಸಿಮ್ ಬೇರೆ ಫೋನಿಗೆ ಹಾಕಿದಾಗ ಈ ಪಿನ್ ಒತ್ತದೆ ಸಿಮ್ ನಡೆಯದು. ಪರದೆಗೆ ಬೆರಳಚ್ಚಿನ ಬೀಗ ಹಾಕಿದವರೂ ಇದನ್ನು ಬಿಟ್ಟಿರುತ್ತಾರೆ. ಕದ್ದವನು ಪರದೆ ತೆರೆಯಲೇಬೇಕೆಂದಿಲ್ಲ. ಸಿಮ್ ಕಿತ್ತು ತನ್ನ ಫೋನಿಗೆ ಹಾಕಿದರೆ ನಮ್ಮ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಯುಪಿಐ ಆಪ್ ಹೊಸ ಫೋನಿನಲ್ಲಿ ನಮ್ಮನ್ನು ಗುರುತಿಸುವುದು ಆ ಸಿಮ್ಮಿನಿಂದ ಹೋಗುವ ಒಂದು ಎಸ್ಸೆಮ್ಮೆಸ್ಸಿನಿಂದ. ಹೊಸ ಯುಪಿಐ ಪಿನ್ ಇಡುವಾಗ ಕೇಳುವುದು ಮುಖ್ಯವಾಗಿ ಡೆಬಿಟ್ ಕಾರ್ಡಿನ ಕೊನೆಯ 6 ಅಂಕೆ, ಅದರ ಅವಧಿ ಮುಗಿಯುವ ತಿಂಗಳು, ವರ್ಷ ಮತ್ತು ಒಟಿಪಿ. ಆ ಕಾರ್ಡನ್ನು ಎಷ್ಟೋ ಜನ ಇಡುವುದೆಲ್ಲಿ? ಫೋನಿನ ಹಿಂದಿನ ಕವರಿನೊಳಗೆ! ಕೀಲಿಕೈಯನ್ನು ಬೀಗಕ್ಕೇ ಕಟ್ಟಿಟ್ಟ ಹಾಗೆ. ಕಾರ್ಡು, ಆಧಾರ್ ಎರಡನ್ನೂ ಅಲ್ಲಿಂದ ತೆಗೆಯಿರಿ. ಗ್ಯಾಲರಿಯಲ್ಲಿ, ವಾಟ್ಸಾಪಿನಲ್ಲಿ ಅವುಗಳ ಫೋಟೋ ಇದ್ದರೆ ಅದನ್ನೂ ಅಳಿಸಿ.

ಆಂಡ್ರಾಯ್ಡಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಎಂದು ಹುಡುಕಿದರೆ ಜಾಗ ಸಿಗುತ್ತದೆ. ಆನ್ ಮಾಡುವಾಗ ಅದು ಹಳೆಯ ಪಿನ್ ಕೇಳುತ್ತದೆ, ಅಂದರೆ ಕಂಪನಿ ಇಟ್ಟದ್ದು. ಇಲ್ಲಿ ಅಂದಾಜಿಗೆ ಒತ್ತಬೇಡಿ. ಮೂರು ಸಲ ತಪ್ಪಿದರೆ 8 ಅಂಕೆಯ ಪಿಯುಕೆ (ಆ ಬೀಗ ಬಿಡಿಸಲು ಕಂಪನಿ ಕೊಡುವ ಸಂಖ್ಯೆ) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆಯೇ. ಗ್ರಾಹಕ ಸೇವೆಗೆ ಕರೆಮಾಡಿ ಪಿನ್ ಕೇಳಿಕೊಂಡು, ಆಮೇಲೆ ನಿಮ್ಮದೇ ಪಿನ್ನಿಗೆ ಬದಲಿಸಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ. ಎರಡು ಸಿಮ್ ಉಂಟಾದರೆ ಎರಡಕ್ಕೂ ಬೇಕು. ಒಂದು ತೊಡಕಿದೆ: ರಾತ್ರಿ ಅಪ್‌ಡೇಟ್ ಆಗಿ ಫೋನು ತಾನಾಗಿ ರೀಸ್ಟಾರ್ಟ್ ಆದರೆ, ಪಿನ್ ಒತ್ತುವ ತನಕ ಕರೆ ಬರುವುದಿಲ್ಲ. ಹಿರಿಯರ ಫೋನಿಗೆ ಹಾಕುವವರು ಇದನ್ನು ಅವರಿಗೆ ಹೇಳಿಕೊಟ್ಟೇ ಹಾಕಬೇಕು.

ನಂತರ ಲಾಕ್ ಆದ ಪರದೆ. ಅದರ ಮೇಲೆ ಮೆಸೇಜಿನ ಒಳಗಿನ ಬರಹ ಕಾಣದಂತೆ ಮಾಡುತ್ತೇನೆ, ಇಲ್ಲದಿದ್ದರೆ ಒಟಿಪಿ ಮೇಲೆಯೇ ತೋರುತ್ತದೆ. ಲಾಕ್ ಇದ್ದಾಗಲೂ ಮೇಲಿನಿಂದ ಎಳೆದು ಏರೋಪ್ಲೇನ್ ಮೋಡ್ ಹಾಕಲು ಬರುತ್ತಿದ್ದರೆ ಅದನ್ನೂ ತಡೆಯಬೇಕು, ಇಲ್ಲದಿದ್ದರೆ ಕದ್ದವನು ಫೋನಿನ ನೆಟ್ ಕಡಿದುಬಿಡುತ್ತಾನೆ. ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹೊಸದರ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ‘ಥೆಫ್ಟ್ ಪ್ರೊಟೆಕ್ಷನ್’ ಉಂಟು. ಕೈಯಿಂದ ಕಸಿದು ಓಡುವ ಚಲನೆ ಗೊತ್ತಾದರೆ ಪರದೆ ತಾನೇ ಲಾಕ್ ಆಗುತ್ತದೆ. ನೂಕುನುಗ್ಗಲಿನಲ್ಲಿ ಮೆಲ್ಲಗೆ ಕಿಸೆಯಿಂದ ಎತ್ತುವವನ ಮುಂದೆ ಇದು ನಡೆಯದು. ಅಲ್ಲೇ ಇರುವ ರಿಮೋಟ್ ಲಾಕ್ ಆನ್ ಮಾಡಿಟ್ಟರೆ ಬೇರೆ ಯಾರದೇ ಫೋನಿನಿಂದ ನಮ್ಮ ನಂಬರು ಕೊಟ್ಟು ಬೀಗ ಹಾಕಬಹುದು, ನಮ್ಮ ಫೋನು ನೆಟ್ಟಿನಲ್ಲಿ ಇರಬೇಕಷ್ಟೆ. ಐಫೋನಿನವರಿಗೆ ಐಒಎಸ್ 17.3ರಿಂದ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಇದೆ, ಪಾಸ್‌ಕೋಡ್ ಗೊತ್ತಿದ್ದ ಮಾತ್ರಕ್ಕೆ ಕಳ್ಳನಿಗೆ ಮುಖ್ಯ ಸೆಟ್ಟಿಂಗ್ಸ್ ಬದಲಿಸಲು ಬಿಡದ ವ್ಯವಸ್ಥೆ ಅದು.

ಯುಪಿಐ ಲೈಟಿನಲ್ಲಿ (ಯುಪಿಐ ಆಪಿನೊಳಗಿನ ಚಿಲ್ಲರೆ ಖರ್ಚಿನ ಪರ್ಸು) 5,000 ರೂಪಾಯಿವರೆಗೆ ತುಂಬಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಪ್ರವಾಸದಲ್ಲಿ ನಾನು ಅದರಲ್ಲಿ ಚಹಾ, ಆಟೋ ಖರ್ಚಿನಷ್ಟೇ ಇಡುವುದು.

ಇನ್ನು ಕಾಗದ. *#06# ಒತ್ತಿದರೆ 15 ಅಂಕೆಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ, ಎರಡು ಸಿಮ್ಮಿನ ಫೋನಿಗೆ ಎರಡು. ಅವನ್ನೂ ಫೋನಿನ ಬಿಲ್ಲಿನ ಪ್ರತಿಯನ್ನೂ ಗೂಗಲ್ ಖಾತೆಯ ಹತ್ತು ಬ್ಯಾಕಪ್ ಕೋಡುಗಳನ್ನೂ ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗುತ್ತೇನೆ. ಬೇರೆ ಫೋನಿನಿಂದ ಗೂಗಲ್ ಖಾತೆಗೆ ಹೋಗಹೊರಟರೆ ಅದು ಒಟಿಪಿ ಕಳಿಸುವುದು ಕಳೆದುಹೋದ ಫೋನಿಗೇ. ಆಗ ಕೈಹಿಡಿಯುವುದು ಈ ಕೋಡು.

ಮೈಮೇಲೆ ಇಟ್ಟುಕೊಳ್ಳುವ ವಿಚಾರದಲ್ಲಿ ನಮ್ಮ ಉಡುಪೇ ಸಮಸ್ಯೆ. ಮುಂಡಿಗೆ (ಪಂಚೆಗೆ) ಕಿಸೆ ಇಲ್ಲ, ಫೋನು ಅಂಗಿಯ ಎದೆಕಿಸೆಗೆ ಹೋಗುತ್ತದೆ. ಕೇರಳದ ಹೆಚ್ಚಿನ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚಬೇಕು. ಕಳಚಿದ ಅಂಗಿ ಹೆಗಲ ಮೇಲೆ, ಕಿಸೆ ತಲೆಕೆಳಗು, ಮೇಲಾಗಿ ಸಾಲಿನಲ್ಲಿ ತಳ್ಳಾಟ. ಕದಿಯಲು ಕೌಶಲವೇನೂ ಬೇಡ ಮಾರಾಯ್ರೆ, ತಾನೇ ಬೀಳುತ್ತದೆ. ಮುಂಡಿನೊಳಗೆ ಜಿಪ್ ಇರುವ ಚಡ್ಡಿ ಹಾಕಿ ಫೋನು ಅದರಲ್ಲಿಡಿ. ಪ್ಯಾಂಟಾದರೆ ಮುಂದಿನ ಕಿಸೆ, ಹಿಂದಿನದು ಖಂಡಿತ ಬೇಡ. ಬೇಕಲ ಕೋಟೆಯ ಗೋಡೆ ಹತ್ತಿ ಫೋಟೋ ತೆಗೆಯುವಾಗ ಕೈಗೆ ಹಾಕುವ ಬಳ್ಳಿ ಉಪಯೋಗಕ್ಕೆ ಬರುತ್ತದೆ. ಅದರ ಪಟ್ಟಿ ಕವರು ಮತ್ತು ಫೋನಿನ ನಡುವೆ ಕೂರುವುದರಿಂದ ಕವರು ಗಟ್ಟಿಯಾಗಿರಬೇಕು. ಸಡಿಲವಾದ ರಬ್ಬರು ಕವರಾದರೆ ಎಳೆದಾಗ ಕೈಯಲ್ಲಿ ಉಳಿಯುವುದು ಕವರು ಮಾತ್ರ.

ರೈಲಿನಲ್ಲಿ ಅಪಾಯದ ಹೊತ್ತು ಎಂದರೆ ಬಂಡಿ ನಿಲ್ದಾಣದಿಂದ ಕದಲುವ ಮೊದಲ ಅರ್ಧ ನಿಮಿಷ. ಕಿಟಕಿಯಿಂದಲೋ ಬಾಗಿಲಿನಿಂದಲೋ ಕಿತ್ತವನು ಪ್ಲಾಟ್‌ಫಾರ್ಮಿನಲ್ಲಿ ಉಳಿಯುತ್ತಾನೆ, ನಾವು ಮುಂದೆ ಹೋಗಿರುತ್ತೇವೆ. ಆಗ ಫೋನು ಒಳಗಿರಲಿ. ಚಾರ್ಜಿಗೆ ಫೋನಿನ ಬದಲು ಪವರ್ ಬ್ಯಾಂಕ್ ಸಿಕ್ಕಿಸಿ, ಮಲಗುವಾಗ ಅದರಿಂದ ಫೋನು ಚಾರ್ಜ್ ಮಾಡಿ.

ಹೋಯಿತೆಂದಾದರೆ ನನ್ನ ಕ್ರಮ ಹೀಗೆ: ಜೊತೆಯವರ ಫೋನಿನಿಂದ ರಿಮೋಟ್ ಲಾಕ್, ಸಿಮ್ ಬ್ಲಾಕ್, ಬ್ಯಾಂಕಿಗೆ ಕರೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930. ರೈಲಿನಲ್ಲಾದರೆ ರೈಲ್ವೆಯ ಸಹಾಯವಾಣಿ 139. ಪೊಲೀಸ್ ದೂರಿನಲ್ಲಿ ಐಎಂಇಐ ಬರೆಯಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಮಂತ್ರಾಲಯದಲ್ಲಿ ಕಳವಾದದ್ದಕ್ಕೆ ಕಾಸರಗೋಡಿನಲ್ಲೂ ಆಗುತ್ತದೆ. ದೂರಿನ ಪ್ರತಿ, ಬಿಲ್ಲು, ಗುರುತಿನ ಚೀಟಿ ಸೇರಿಸಿ ಕಳೆದುಹೋದ ಫೋನುಗಳನ್ನು ತಡೆಯುವ ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಆ ಐಎಂಇಐ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದು. ಆ ಅರ್ಜಿಗೆ ಒಟಿಪಿ ಬರುವುದು ಡ್ಯೂಪ್ಲಿಕೇಟ್ ಸಿಮ್ಮಿಗೆ. ಆದರೆ ಹೊಸದಾಗಿ ಕೊಟ್ಟ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ವಂಚನೆ ತಡೆಯಲು ಮಾಡಿದ ನಿಯಮ ಅದು, ಅಂಗಡಿಯವನೊಡನೆ ಜಗಳಾಡಿ ಪ್ರಯೋಜನವಿಲ್ಲ. ಆ ಸಿಮ್ ಪಡೆಯಲು ಗುರುತಿನ ಚೀಟಿ ಬೇಕು. ಡಿಜಿಲಾಕರ್ ಇದ್ದದ್ದು ಹೋದ ಫೋನಿನಲ್ಲಿ, ಆದ್ದರಿಂದ ಅಸಲು ಆಧಾರ್ ಕಾರ್ಡು ಬ್ಯಾಗಿನ ತಳದಲ್ಲಿ ಬೇರೆಯೇ ಇರಲಿ, ಅದರ ಜೊತೆಗೆ ಮರಳುವ ಟಿಕೆಟಿನ ಪ್ರಿಂಟೂ.