ಲೆನ್ಸಿನ ಮೇಲೊಂದು ಗಾಜು: ಕಂಬಳದ ಕರೆಯಲ್ಲಿ ಕಲಿತದ್ದು

ಕಂಬಳದಲ್ಲಿ ಕನೆಹಲಗೆಯ ಫೋಟೊ ತೆಗೆಯಲು ಒಳ್ಳೆಯ ಜಾಗ ಯಾವುದೋ, ಕೆಸರು ಹೆಚ್ಚು ಬಂದು ಬಡಿಯುವ ಜಾಗವೂ ಅದೇ. ಹಲಗೆಯ ಮೇಲೆ ಕಾಲಿಟ್ಟು ನಿಂತವನನ್ನು ಕೋಣಗಳು ಎಳೆದುಕೊಂಡು ಓಡುವಾಗ ಚಿಮ್ಮುವ ನೀರು ಆರೂವರೆ ಕೋಲು ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಯನ್ನು ಮುಟ್ಟಬೇಕು. ಆ ನೀರು ಬಟ್ಟೆಗೆ ತಾಗುವ ಕ್ಷಣ ಬೇಕೆಂದರೆ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಓಣಿಯ, ಅಂಚಿನಲ್ಲೇ ನಿಲ್ಲಬೇಕು. ಕಂಬಳವೇ ನಿಂತುಹೋಗಿದ್ದ ದಿನಗಳನ್ನು ಬಿಟ್ಟರೆ, ಹದಿನಾಲ್ಕು ವರ್ಷಗಳಿಂದ ನಾನು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜೋಡುಕರೆಗಳ ಬದಿಯಲ್ಲಿ ಹೀಗೆ ನಿಂತಿದ್ದೇನೆ. ಲೆನ್ಸಿಗೆ ರಕ್ಷಣೆಯ ಫಿಲ್ಟರ್ ಹಾಕಬೇಕೇ ಬೇಡವೇ ಎಂದು ಹೊಸಬರು ಕೇಳಿದಾಗ ನಾನು ಕೊಡುವ ಉತ್ತರ ಅಲ್ಲಿಂದಲೇ ಬಂದದ್ದು: ಹಗಲಿನಲ್ಲಿ ಹಾಕುತ್ತೇನೆ, ದೀಪ ಹೊತ್ತಿದ ಮೇಲೆ ಬಿಚ್ಚುತ್ತೇನೆ. ಇಷ್ಟು ಸರಳ ಮಾತಿಗೆ ಬರಲು ನನಗೆ ಒಂದು ಹಾಳಾದ ರಾತ್ರಿಯೂ ಗೀರು ಬಿದ್ದ ಒಂದು ಲೆನ್ಸೂ ಬೇಕಾದವು.

ನಾನು ಕೆಲಸ ಕಲಿತದ್ದು ಫಿಲ್ಮ್ ಕಾಲದ ಸ್ಟುಡಿಯೊದಲ್ಲಿ. ಹೊಸ ಲೆನ್ಸಿನ ಡಬ್ಬ ತೆರೆದೊಡನೆ ಯಜಮಾನರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅದರ ಮೂತಿಗೆ ಸ್ಕೈಲೈಟ್ ಫಿಲ್ಟರ್ ತಿರುಗಿಸಿ ಕೂರಿಸುವುದು. ಆಮೇಲೆ ಅದನ್ನು ಬಿಚ್ಚಿದ್ದನ್ನು ನಾವು ಯಾರೂ ಕಂಡವರಲ್ಲ. ಆ ಕಾಲಕ್ಕೆ ಅದಕ್ಕೊಂದು ಕಾರಣವಿತ್ತು. ಕಲರ್ ಫಿಲ್ಮಿಗೆ ಅತಿನೇರಳೆ ಕಿರಣಗಳೂ ತಾಗುತ್ತಿದ್ದುದರಿಂದ ಕುದುರೆಮುಖದ ದೂರದ ಬೆಟ್ಟಸಾಲು ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚು ನೀಲಿಯಾಗಿ, ಮಸುಕಾಗಿ ಮೂಡುತ್ತಿತ್ತು. ಸ್ಕೈಲೈಟಿನ ನಸುಗುಲಾಬಿ ಛಾಯೆ ಆ ನೀಲಿಯನ್ನು ತಗ್ಗಿಸುತ್ತಿತ್ತು. ಡಿಜಿಟಲ್ ಕ್ಯಾಮೆರಾಗಳಲ್ಲಿ ಅತಿನೇರಳೆಯನ್ನೂ ಅತಿಗೆಂಪನ್ನೂ ತಡೆಯುವ ಗಾಜು ಸೆನ್ಸರಿನ ಮುಂದೆ ಕಾರ್ಖಾನೆಯಲ್ಲೇ ಕೂತು ಬರುತ್ತದೆ. ಹೀಗಾಗಿ ಯುವಿ (ಅತಿನೇರಳೆ) ಎಂದು ಬರೆದುಕೊಂಡ ಫಿಲ್ಟರಿಗೆ ಈಗ ಬಣ್ಣದ ವಿಷಯದಲ್ಲಿ ಹೇಳಿಕೊಳ್ಳುವಂಥ ಕೆಲಸವೇನೂ ಉಳಿದಿಲ್ಲ. ಅದು ಲೆನ್ಸಿನ ರೈನ್‌ಕೋಟು. ಮನೆಯೊಳಗೂ ರೈನ್‌ಕೋಟು ಹಾಕಿಕೊಂಡು ಕೂರುವವರಿಲ್ಲ. ನನ್ನ ಲೆನ್ಸನ್ನು ಮಾತ್ರ ವರ್ಷಗಟ್ಟಲೆ ಹಾಗೆಯೇ ಕೂರಿಸಿದ್ದೆ.

70-200 ಎಂಎಂ ಲೆನ್ಸ್ ಕೊಂಡ ದಿನ ಅಂಗಡಿಯವರು 77 ಎಂಎಂ ಫಿಲ್ಟರೊಂದನ್ನು ಉಚಿತವಾಗಿ ಕೊಟ್ಟಿದ್ದರು. ಒಂದು ಕಂಬಳದಲ್ಲಿ ಹಗಲಿಡೀ ಅದು ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಆದರೆ ಬೆಳಿಗ್ಗೆ ಆರಂಭವಾದ ಕಂಬಳ ರಾತ್ರಿ ದಾಟಿ ಮರುದಿನಕ್ಕೆ ಮುಟ್ಟುತ್ತದೆ. ಪತ್ರಿಕೆಗಳಿಗೆ ಬೇಕಾದ ಕೊನೆಯ ಸುತ್ತಿನ ಓಟಗಳೆಲ್ಲ ಫ್ಲಡ್‌ಲೈಟಿನಲ್ಲೇ ಬರುತ್ತವೆ. ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಂತು ಓಟ ಹೊರಡುವ ಗಂತಿನ ಕಡೆಗೆ ಲೆನ್ಸ್ ತಿರುಗಿಸಿದರೆ ಸಾಲುದೀಪಗಳೆಲ್ಲ ನೇರ ಮುಖಕ್ಕೆ. ಬೆಳಗಿನ ಜಾವ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಾಗ, ಹಗ್ಗ ಹಿರಿಯ ವಿಭಾಗದ ಫೈನಲಿನ ಚಿತ್ರಗಳಲ್ಲಿ ಕೋಣಗಳ ಎದೆಯ ಮೇಲೂ ಓಟಗಾರನ ತೊಡೆಯ ಮೇಲೂ ಹಸಿರು ಬೊಟ್ಟುಗಳು ಸಾಲಾಗಿ ಕೂತಿದ್ದವು. ಮೊದಲಿಗೆ ಕ್ಯಾಮೆರಾ ಕೆಟ್ಟಿತೆಂದೇ ಎಣಿಸಿದೆ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಆ ಬೊಟ್ಟುಗಳಲ್ಲೊಂದು ಲೆಕ್ಕ ಕಂಡಿತು: ಚೌಕಟ್ಟಿನ ಮೇಲೆ ಎಡಕ್ಕೆ ಐದು ದೀಪಗಳಿದ್ದರೆ ಕೆಳಗೆ ಬಲಕ್ಕೆ ಐದು ಬೊಟ್ಟುಗಳಿದ್ದವು, ಅದೇ ಅಂತರದಲ್ಲಿ, ತಲೆಕೆಳಗಾಗಿ.

ಇದು ನಡೆಯುವ ಬಗೆ ಹೀಗೆ. ದೀಪದ ಬೆಳಕು ಸೆನ್ಸರಿಗೆ ಬಿದ್ದಾಗ ಅದರಲ್ಲಿ ಒಂದಿಷ್ಟು ಹಿಂದಕ್ಕೆ ಚಿಮ್ಮಿ, ಲೆನ್ಸನ್ನು ಒಳಗಿನಿಂದ ದಾಟಿ ಹೊರಡುತ್ತದೆ. ಮೂತಿಯಲ್ಲಿ ಏನೂ ಇಲ್ಲದಿದ್ದರೆ ಅದು ಬಂದ ದಾರಿಯಲ್ಲೇ ಹೊರಗೆ ಹೋಗಿಬಿಡುತ್ತದೆ. ಅಲ್ಲಿ ಚಪ್ಪಟೆಯಾದ ಗಾಜೊಂದು ಕೂತಿದ್ದರೆ ಅದು ಕನ್ನಡಿಯಂತೆ ಬೆಳಕನ್ನು ಮತ್ತೆ ಒಳಗೆ ಕಳುಹಿಸುತ್ತದೆ, ಮತ್ತು ಲೆನ್ಸ್ ತನ್ನ ಧರ್ಮದಂತೆ ಅದನ್ನೂ ಫೋಕಸ್ ಮಾಡಿ ಚಿತ್ರದ ಎದುರು ಮೂಲೆಯಲ್ಲಿ ಇಡುತ್ತದೆ. ಪ್ರತಿಫಲನ ತಗ್ಗಿಸುವ ಲೇಪ, ಅಂದರೆ ಕೋಟಿಂಗ್, ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಮರಳಿಸುತ್ತದೆ, ಎರಡು ಮೈ ಸೇರಿದರೆ ಶೇ. 8. ಒಳ್ಳೆಯ ಮಲ್ಟಿಕೋಟಿಂಗ್ ಇರುವ ಫಿಲ್ಟರಿನಲ್ಲಿ ಇದು ಬಹಳ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಆಮೇಲೆ ಮನೆಯ ತಾರಸಿಯಲ್ಲಿ ಟ್ರೈಪಾಡ್ ಇಟ್ಟು ಬೀದಿದೀಪವನ್ನು ಉಚಿತ ಫಿಲ್ಟರಿನೊಂದಿಗೆ, ಮಲ್ಟಿಕೋಟಿಂಗ್ ಇರುವ ಫಿಲ್ಟರಿನೊಂದಿಗೆ, ಬರಿಯ ಲೆನ್ಸಿನಲ್ಲಿ ತೆಗೆದು ನೋಡಿದೆ. ಮೊದಲನೆಯದರಲ್ಲಿ ಬೊಟ್ಟು ಢಾಳಾಗಿತ್ತು, ಎರಡನೆಯದರಲ್ಲಿ ಹುಡುಕಿದರೆ ಸಿಗುವಷ್ಟಿತ್ತು, ಮೂರನೆಯದರಲ್ಲಿ ಇರಲೇ ಇಲ್ಲ. ಹಗಲಿನಲ್ಲಿ ಲೆನ್ಸಿನ ಕಿಂಡಿಯನ್ನು ಕಿರಿದುಮಾಡಿ ಎಫ್/8ರಲ್ಲಿ ತೆಗೆದ ಚಿತ್ರಗಳಲ್ಲಿ ಮೂರಕ್ಕೂ ವ್ಯತ್ಯಾಸ ಹೇಳಲು ನನ್ನಿಂದಾಗಲಿಲ್ಲ. 200 ಎಂಎಂನಲ್ಲಿ ಕಿಂಡಿಯನ್ನು ಅಗಲವಾಗಿ ತೆರೆದು ಎಫ್/2.8ರಲ್ಲಿ ತೆಗೆದಾಗ ಮಾತ್ರ ಉಚಿತ ಫಿಲ್ಟರಿನ ಚಿತ್ರ ಸ್ವಲ್ಪ ಮೆತ್ತಗೆ ಬಂದಿತ್ತು. ಇಂಥ ಪರೀಕ್ಷೆಗೆ ಅರ್ಧ ಗಂಟೆ ಸಾಕು, ಯಾರ ಮಾತನ್ನೂ ನಂಬಿ ಕೂರಬೇಕಾಗಿಲ್ಲ.

ಹಾಗಾದರೆ ಫಿಲ್ಟರನ್ನು ಬಿಸಾಡಿಬಿಡಬಹುದಲ್ಲ ಎಂದರೆ, ಕರೆಯ ಕೆಸರು ಬಿಡುವುದಿಲ್ಲ. ಆ ಕೆಸರಿನಲ್ಲಿ ಸಣ್ಣ ಮರಳಿರುತ್ತದೆ, ಮರಳಿನ ಕಣ ಗಾಜಿಗಿಂತ ಗಟ್ಟಿ. ಹಾರಿಬಂದು ಬಿದ್ದ ಹನಿಯಿಂದ ಲೆನ್ಸಿಗೆ ಏನೂ ಆಗುವುದಿಲ್ಲ. ಮುಂದಿನ ಓಟ ತಪ್ಪುತ್ತದೆಂಬ ಅವಸರದಲ್ಲಿ ನಾವು ಅಂಗಿಯ ತುದಿಯಿಂದ ಒರೆಸುತ್ತೇವಲ್ಲ, ಗೀರು ಬೀಳುವುದು ಆಗ. ಫಿಲ್ಟರಾದರೆ ಬಿಚ್ಚಿ, ಚೊಂಬಿನ ನೀರನ್ನು ಧಾರೆಯಾಗಿ ಬಿಟ್ಟು, ಎರಡೂ ಮೈಗಳಿಂದ ಮರಳು ಇಳಿದುಹೋದ ಮೇಲೆ ಬೆರಳಿನಿಂದಲೇ ಸವರಿ, ಅಂಚನ್ನು ಹಿಡಿದು ಕೊಡವಿ, ಬಟ್ಟೆಯಲ್ಲಿ ಒತ್ತಿ ಒಣಗಿಸಬಹುದು. ಮೂವತ್ತು ಸಾವಿರದ ಮೇಲಿನ ಲೆನ್ಸಿನ ತಲೆಗೆ ಹೀಗೆ ನೀರು ಹೊಯ್ಯಲು ನನಗಿನ್ನೂ ಧೈರ್ಯವಿಲ್ಲ. ಮಲ್ಪೆಯ ಕಡಲಲ್ಲಿ ದೋಣಿ ಹತ್ತಿದಾಗಲೂ ಇದೇ ಕತೆ. ಉಪ್ಪಿನ ತುಂತುರು ಒಣಗಿ ಕೂತರೆ ಒಣಬಟ್ಟೆಗೆ ಜಗ್ಗುವುದಿಲ್ಲ. ಕೆಲವು ಲೆನ್ಸುಗಳಲ್ಲಿ ನೀರು, ದೂಳಿನ ತಡೆ ಪೂರ್ತಿಯಾಗಲು ಮುಂದೆ ಫಿಲ್ಟರ್ ಇರಲೇಬೇಕೆಂದು ತಯಾರಕರೇ ಹೇಳುತ್ತಾರೆ. ಕ್ಯಾನನ್ನಿನ 17-40 ಎಫ್/4 ಅಂಥದ್ದೊಂದು.

ಬಿದ್ದರೆ ಫಿಲ್ಟರ್ ಉಳಿಸುತ್ತದೆ ಎಂಬ ಮಾತನ್ನು ಮಾತ್ರ ನಾನು ಅಷ್ಟಾಗಿ ಒಪ್ಪುವುದಿಲ್ಲ. ಸ್ಕೂಟರಿನ ಸೀಟಿನ ಮೇಲಿಟ್ಟಿದ್ದ ಕ್ಯಾಮೆರಾ ಒಮ್ಮೆ ಮೂತಿ ಕೆಳಗಾಗಿ ಬಿತ್ತು, ಫಿಲ್ಟರ್ ಚೂರಾಯಿತು. ಲೆನ್ಸ್ ಬದುಕಿತೆಂದು ಸಮಾಧಾನಪಟ್ಟುಕೊಂಡು ಚೂರುಗಳನ್ನು ಉದುರಿಸಿ ನೋಡಿದರೆ, ಮುಂಗಾಜಿನ ಮೇಲೆ ಉಗುರಿನಷ್ಟುದ್ದದ ಗೀರು. ಒಡೆದದ್ದು ತೆಳುವಾದ ಗಾಜು, ಗೀರಿದ್ದು ಅದರ ಚೂರು. ಮುಂಗಾಜು ಅದಕ್ಕಿಂತ ಎಷ್ಟೋ ದಪ್ಪ, ತಾನೇ ಆ ಏಟನ್ನು ತಡೆದುಕೊಳ್ಳುತ್ತಿತ್ತೋ ಏನೋ. ತಮಾಷೆಯೆಂದರೆ ಆ ಗೀರು ಹಗಲಿನ ಚಿತ್ರಗಳಲ್ಲಿ ಇಂದಿಗೂ ಕಾಣುವುದಿಲ್ಲ, ಏಕೆಂದರೆ ಅದು ಫೋಕಸಿನಿಂದ ಬಹಳ ಆಚೆಗಿದೆ. ಎದುರಿನಿಂದ ದೀಪ ಬಿದ್ದಾಗ ಮಾತ್ರ ಅಲ್ಲೊಂದು ಬಿಳಿ ಮಬ್ಬು ಏಳುತ್ತದೆ. ಇನ್ನು ಬಗ್ಗಿದ ಫಿಲ್ಟರಿನ ರಿಂಗ್ ತ್ರೆಡ್ಡಿನಲ್ಲಿ ಕಚ್ಚಿಕೊಂಡಿತ್ತು. ಅದನ್ನು ಗಟ್ಟಿಯಾಗಿ ಅಮುಕಿ ತಿರುಗಿಸಲು ಹೋದದ್ದು ನನ್ನ ತಪ್ಪು. ಅಮುಕಿದಷ್ಟೂ ರಿಂಗ್ ಮೊಟ್ಟೆಯಾಕಾರವಾಗಿ ಇನ್ನಷ್ಟು ಬಿಗಿಯುತ್ತದೆ. ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ, ಐದೂ ಬೆರಳುಗಳಿಂದ ಹಗುರಾಗಿ ಹಿಡಿದು ತಿರುಗಿಸಿದಾಗ ಬಂತು. ಅಂದಿನಿಂದ ಹಿತ್ತಾಳೆ ರಿಂಗಿನ ಫಿಲ್ಟರನ್ನೇ ಕೊಳ್ಳುತ್ತೇನೆ, ಅದು ಅಲ್ಯೂಮಿನಿಯಂನಷ್ಟು ಕಚ್ಚಿಕೊಳ್ಳುವುದಿಲ್ಲ. ಬೀಳುವುದರಿಂದ ಕಾಯಲು ಲೆನ್ಸಿನ ಮೂತಿಯ ಸುತ್ತ ಕೂರುವ ಹುಡ್ ಇದೆ; ಪಕ್ಕದ ಬೆಳಕನ್ನೂ ತಡೆಯುವ ಅದು ಹಗಲು ರಾತ್ರಿ ಲೆನ್ಸಿನ ಮೇಲೇ ಇರುತ್ತದೆ.

ಮಾರ್ಚ್ ಕಳೆದು ಕಂಬಳದ ಋತು ಮುಗಿದೊಡನೆ ಫಿಲ್ಟರುಗಳನ್ನೆಲ್ಲ ಬಿಚ್ಚಿ ಬೇರೆ ಇಡುತ್ತೇನೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎರಡು ಗಾಜುಗಳ ನಡುವೆ ತೇವ ಸಿಕ್ಕಿಕೊಂಡರೆ ಫಂಗಸ್ ಬರಲು ತಡವಿಲ್ಲ. ಲೆನ್ಸುಗಳು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿರುತ್ತವೆ, ಒಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ಇದೆಯೇ ಎಂದು ವಾರಕ್ಕೊಮ್ಮೆ ನೋಡುತ್ತೇನೆ.

ಈಗ ಕರೆಯ ಬದಿಯಲ್ಲಿ ನನ್ನ ಚೀಲ ಹಿಡಿಯುವವನು ಅಕ್ಕನ ಮಗ. ಸಂಜೆ ಮೊದಲ ಫ್ಲಡ್‌ಲೈಟ್ ಮಿನುಗಿದಾಗ ನಾನು ಸಾಮಾನ್ಯವಾಗಿ ಫೈಂಡರಿನಲ್ಲಿ ಕಣ್ಣಿಟ್ಟು ನಿಂತಿರುತ್ತೇನೆ. "ಮಾವ, ಲೈಟ್ ಹಾಕಿದ್ರು" ಎಂದು ಅವನು ಫಿಲ್ಟರಿನ ಡಬ್ಬಿಯ ಮುಚ್ಚಳ ತೆಗೆದು ಕೈ ಚಾಚುತ್ತಾನೆ.